ಎಡಗೈಯ ಅಳತೆ

೪ ಅಕ್ಟೋಬರ್

ಪ್ರೀತಿಯ ಸೊಸೆಗೆ,

ಈ ಪತ್ರದ ಜೊತೆ ಬಂದಿರುವ ಉದ್ದನೆಯ ವಸ್ತುವನ್ನು ನೋಡಿ ಗಾಬರಿಯಾಗಬೇಡ. ಅದು ಮಫ್ಲರ್. ನಾನೇ ಹೆಣೆದದ್ದು.

ಸೊಂಟದ ಮೂಳೆ ಮುರಿದ ಮೇಲೆ ಡಾಕ್ಟರು ನನ್ನನ್ನು ಕುರ್ಚಿಗೆ ಕಟ್ಟಿಹಾಕಿದ್ದಾರೆ. ಜೀವಮಾನವಿಡೀ ಬೇರೆಯವರ ಲಿಫ್ಟ್ ರಿಪೇರಿ ಮಾಡಿದವನು ಈಗ ಕಿಟಕಿಯ ಬಳಿ ಕೂತು, ನಮ್ಮ ಕಟ್ಟಡದ ಲಿಫ್ಟ್ ಎಷ್ಟು ಕೆಟ್ಟದಾಗಿ ನಿಲ್ಲುತ್ತಿದೆ ಎಂಬುದನ್ನು ಅಂಗಾಲಿನಿಂದಲೇ ತಿಳಿದುಕೊಳ್ಳುತ್ತಾ ಕಾಲ ಕಳೆಯುತ್ತಿದ್ದೇನೆ. ಕಿವಿ ಹೇಗೂ ಆ ಯಂತ್ರದ ಕೋಣೆಗಳಲ್ಲೇ ಹೋಯಿತು, ಎದುರು ನಿಂತು ಆಡಿದ ಮಾತು ಮಾತ್ರ ತಿಳಿಯುತ್ತದೆ. ಫೋನಿನಲ್ಲಿ ನೀವು ಹೇಳುವುದಕ್ಕೆಲ್ಲ ನಾನು ಹೂಂ ಅನ್ನುವುದು ಕೇಳಿಸಿ ಅಲ್ಲ, ಮರ್ಯಾದೆಗೆ. ಅದಕ್ಕೇ ಪತ್ರ.

ಕೆಳಗೆ ಉಲ್ಲನ್ ಅಂಗಡಿ ಇಟ್ಟಿದ್ದಾಳಲ್ಲ, ಉಲ್ಲನ್ ಅಕ್ಕ, ಅವಳು ಒಂದು ದಿನ ಹಾಲು ತಂದುಕೊಡಲು ಬಂದವಳು ನನ್ನ ದೂರುಗಳನ್ನೆಲ್ಲ ಕೇಳಿ, "ಕೈ ಸುಮ್ನೆ ಇದ್ರೆ ಬಾಯಿ ಜಾಸ್ತಿ ಆಗುತ್ತೆ. ಹಿಡೀರಿ ಇದನ್ನ" ಎಂದು ಎರಡು ಕಡ್ಡಿ, ಒಂದು ಉಂಡೆ ನೂಲು ಮಡಿಲಿಗೆ ಹಾಕಿ ಹೋದಳು. ಮೊದಲ ವಾರ ನಾನು ಕಡ್ಡಿಯೇ ಸರಿಯಿಲ್ಲ ಅಂದೆ. ಅವಳು "ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಎಂದು ಕಡ್ಡಿ ಬದಲಿಸಿಕೊಟ್ಟಳು. ಆಮೇಲೆ ನೆಪ ಉಳಿಯಲಿಲ್ಲ.

ಮಫ್ಲರ್ ಶುರುವಾದಾಗ ಅಂಗೈಯಗಲ ಇತ್ತು. ಮುಗಿಯುವಾಗ ಟವೆಲಿನಷ್ಟಾಗಿತ್ತು. ನಡುವೆ ಕುಣಿಕೆಗಳು ಎಲ್ಲಿಂದ ಬಂದು ಸೇರಿಕೊಂಡವೋ ಗೊತ್ತಿಲ್ಲ, ಕರೆಯದೆ ಬಂದ ನೆಂಟರ ಹಾಗೆ. ಏನು ಮಾಡುವುದು, ಹೆತ್ತವರಿಗೆ ಹೆಗ್ಗಣ ಮುದ್ದು.

ಒಂದು ವಿಷಯ ಮಾತ್ರ ಹೇಳಬೇಕು. ಇಷ್ಟು ಉದ್ದಕ್ಕೂ ಎಲ್ಲೂ ಒಂದು ಗಂಟಿಲ್ಲ. ಬರೀ ಕುಣಿಕೆಯೊಳಗೊಂದು ಕುಣಿಕೆ. ತುದಿ ಹಿಡಿದು ಎಳೆದರೆ ಎಲ್ಲವೂ ಮತ್ತೆ ನೂಲು. ಅಷ್ಟು ಸಡಿಲವಾದದ್ದು ಇಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದರೆ ಉಕ್ಕಿನ ಹಗ್ಗ ನಂಬಿ ಬದುಕಿದವನಿಗೆ ನಂಬಲಾಗುವುದಿಲ್ಲ.

ಇದು ನಿನಗೆ. ನಿನ್ನ ಮಗಳು ಬಟಾಣಿಗೆ ಕೈ ಪಳಗಿದ ಮೇಲೆ ಹೆಣೆಯುತ್ತೇನೆ. ಮೊಮ್ಮಗಳಿಗೆ ಮೂರು ತುಂಬಿತು, ನಾನಿನ್ನೂ ಫೋಟೋದಲ್ಲೇ ನೋಡುತ್ತಿದ್ದೇನೆ. ನೀವು ಬರುತ್ತೇವೆ ಅಂದಿದ್ದಿರಿ. ನೋಡೋಣ.

ನಿನ್ನ ಮಾವ


೨೧ ಅಕ್ಟೋಬರ್

ಮಾವನವರಿಗೆ ನಮಸ್ಕಾರ.

ಮಫ್ಲರ್ ಸುತ್ತಿಕೊಂಡೇ ಆಫೀಸಿಗೆ ಹೋದೆ. ಇಡೀ ದಿನ ನಕ್ಷೆಯ ಮೇಲೆ ಬಗ್ಗಿ ಗೆರೆ ಎಳೆಯುವ ನಮಗೆ ಕುತ್ತಿಗೆಯೇ ಮೊದಲು ಹೆಪ್ಪುಗಟ್ಟುವುದು. ಪಕ್ಕದ ಮೇಜಿನವಳು ಬಿಡಿಸಿ ನೋಡಿ, "ಇದು ನದಿ ಕಣೇ. ಹುಟ್ಟೋವಾಗ ಹಳ್ಳ, ಸಮುದ್ರ ಸೇರೋವಾಗ ಇಷ್ಟಗಲ" ಅಂದಳು. ನಮ್ಮ ಕಚೇರಿಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ನಿಮ್ಮ ಮಗ ನಿಮ್ಮ ಪತ್ರವನ್ನು ಎರಡು ಸಲ ಓದಿದರು. ಬಂದರಿನಲ್ಲಿ ಕೆಲಸ ಹೆಚ್ಚು, ಅವರೇ ಬರೆಯುತ್ತಾರಂತೆ. ಯಾವಾಗ ಎಂದು ನೀವೂ ಕೇಳಬೇಡಿ, ನಾನೂ ಕೇಳುವುದಿಲ್ಲ.

ಬಟಾಣಿ ಈಗ ಎಲ್ಲದಕ್ಕೂ "ನಾನೇ" ಅನ್ನುತ್ತಾಳೆ. ಬಾಗಿಲು ನಾನೇ, ಗುಂಡಿ ನಾನೇ, ಚಮಚ ನಾನೇ. ತಡವಾಗುತ್ತೆ ಎಂದು ನಾನು ಕೈಹಾಕಿದರೆ ಮೊದಲಿನಿಂದ ಮಾಡುತ್ತಾಳೆ.

ಬರುವ ವಿಚಾರ. ಈ ಚಳಿಗಾಲ ರಜೆ ಸಿಗುವುದು ಕಷ್ಟ. ಪ್ರಯಾಣವೂ ಅವಳಿಗೆ ಒಗ್ಗುವುದಿಲ್ಲ.

ನಿಮ್ಮ ಸೊಸೆ


೯ ನವೆಂಬರ್

ಪ್ರೀತಿಯ ಸೊಸೆಗೆ,

ಕಟ್ಟಿನಲ್ಲಿ ಮೂರು ವಸ್ತುಗಳಿವೆ. ಟೋಪಿ ನನ್ನ ಮಗನಿಗೆ. ತಲೆಯ ಅಳತೆ ನೆನಪಿನಿಂದ ತೆಗೆದುಕೊಂಡೆ. ಅಕ್ಕ ನೋಡಿ, "ನಿಮ್ಮ ಮಗ ಏನು, ಬಕೆಟ್ಟಾ?" ಅಂದಳು. ದೊಡ್ಡದಾದರೆ ಕಿವಿಯ ಕೆಳಗಿನವರೆಗೆ ಎಳೆದುಕೊಳ್ಳಲಿ, ಬಂದರಿನ ಗಾಳಿಗೆ ಒಳ್ಳೆಯದು.

ಕಾಲುಚೀಲ ನಿನಗೆ. ಅದರ ಹಿಮ್ಮಡಿಯ ಹತ್ತಿರ ಸ್ವಲ್ಪ ನಿಂತು ನೋಡು. ಕಣಕಾಲಿನಿಂದ ಕೊಳವೆಯ ಹಾಗೆ ಇಳಿದು ಬರುತ್ತಿತ್ತು. ಅಕ್ಕ, "ಈಗ ಅರ್ಧ ಕುಣಿಕೆ ಸುಮ್ನೆ ಮಲಗಿರಲಿ, ಉಳಿದರ್ಧದ ಮೇಲೆ ಹೋಗಿ ಬನ್ನಿ. ಪ್ರತಿ ಸಲ ತುದಿ ಮುಟ್ಟೋಕೆ ಮುಂಚೆ ವಾಪಸು ಬನ್ನಿ" ಅಂದಳು. "ಯಾಕೆ?" ಅಂದೆ. "ಯಾಕೆ ಅಂತ ಆಮೇಲೆ ಕೇಳಿ" ಅಂದಳು. ಅರ್ಥವಾಗದೆ ಮಾಡಿದೆ. ನೇರ ಹೋಗುತ್ತಿದ್ದದ್ದು ನೋಡನೋಡುತ್ತ ಬಾಗಿತು, ಬಟ್ಟಲಾಯಿತು, ಮೂಲೆ ತಿರುಗಿತು. ಕಾಲಿಲ್ಲದ ಒಂದು ಹಿಮ್ಮಡಿ ನನ್ನ ಮಡಿಲಲ್ಲಿ ಕೂತಿತ್ತು. ಹೊಲಿಗೆಯಿಲ್ಲ, ಕತ್ತರಿಯಿಲ್ಲ. ನಾನು ಕಡ್ಡಿ ಕೆಳಗಿಟ್ಟು ಸುಮ್ಮನೆ ನೋಡುತ್ತಾ ಕೂತೆ. ಇದನ್ನು ಮೊದಲು ಕಂಡುಹಿಡಿದವಳು ಯಾವ ಚಳಿಯಲ್ಲಿ, ಯಾರ ಕಾಲನ್ನು ನೆನೆದು ಕೂತಿದ್ದಳೋ. ಅಕ್ಕ ಮಾತ್ರ, "ಹಾಡ್ತಾ ಹಾಡ್ತಾ ರಾಗ. ಚಹಾ ಆರಿಹೋಯ್ತು" ಅಂದಳು.

ಮೂರನೆಯದು ಬಟಾಣಿಗೆ ಕೈಗವಸು. ಹೆಬ್ಬೆರಳಿಗೆ ಬೇರೆ ಕೋಣೆ, ಉಳಿದ ನಾಲ್ಕೂ ಕೂಡುಕುಟುಂಬ. ನನಗೆ ಸದ್ಯಕ್ಕೆ ಬರುವುದು ಇಷ್ಟೇ. ಕೆಂಪು ನೂಲು, ದೂರದಿಂದಲೂ ಕಾಣುತ್ತದೆ. ಹಾಕಿಸಿ ಒಂದು ಫೋಟೋ ಕಳಿಸು. ನೀನು ಕಳಿಸುವ ಫೋಟೋಗಳಲ್ಲೆಲ್ಲ ಆ ಹುಡುಗಿ ಎಡಗೈಯನ್ನು ಜೇಬಿನಲ್ಲೋ ಗೊಂಬೆಯ ಹಿಂದೆಯೋ ಇಟ್ಟುಕೊಂಡಿರುತ್ತಾಳೆ, ಯಾವುದೋ ಸಮಾರಂಭಕ್ಕೆ ಬಂದ ದೊಡ್ಡ ಅಧಿಕಾರಿಯ ಹಾಗೆ.

ನಿನ್ನ ಮಾವ


೨೮ ನವೆಂಬರ್

ಮಾವನವರಿಗೆ ನಮಸ್ಕಾರ.

ಎಲ್ಲ ತಲುಪಿತು. ಕಾಲುಚೀಲ ಹೇಳಿ ಮಾಡಿಸಿದ ಹಾಗಿದೆ. ಟೋಪಿ ನಿಮ್ಮ ಮಗ ಬಿಚ್ಚುವುದೇ ಇಲ್ಲ.

ಬಟಾಣಿಯ ಕೈಗವಸಿನಲ್ಲಿ ಎಡಗಡೆಯದು ಕಳೆದುಹೋಯಿತು. ಮಕ್ಕಳು ಗೊತ್ತಲ್ಲ. ಬಲಗಡೆಯದನ್ನು ದಿನವೂ ಹಾಕುತ್ತಾಳೆ. ಫೋಟೋ ಇನ್ನೊಮ್ಮೆ ಕಳಿಸುತ್ತೇನೆ.

ಕೆಲಸದ ಒತ್ತಡ, ಇಷ್ಟಕ್ಕೇ ನಿಲ್ಲಿಸುತ್ತೇನೆ. ಕ್ಷಮಿಸಿ.

ನಿಮ್ಮ ಸೊಸೆ


೧೬ ಡಿಸೆಂಬರ್

ಪ್ರೀತಿಯ ಸೊಸೆಗೆ,

ಕಳೆದುಹೋಗುವುದು ಮಕ್ಕಳ ತಪ್ಪಲ್ಲ, ಜೋಡಣೆಯ ತಪ್ಪು. ಅದಕ್ಕೆ ಈ ಸಲ ನನ್ನ ಹಳೆಯ ವಿದ್ಯೆ ಉಪಯೋಗಿಸಿದ್ದೇನೆ. ಹೊಸ ಜೋಡಿ, ಎರಡರ ನಡುವೆ ಒಂದು ಹೆಣೆದ ಹಗ್ಗ. ಹಗ್ಗವನ್ನು ಕೋಟಿನ ಒಂದು ತೋಳಿನಿಂದ ಹಾಕಿ ಬೆನ್ನ ಮೇಲಿನಿಂದ ಇನ್ನೊಂದು ತೋಳಿನಲ್ಲಿ ಇಳಿಸು. ಒಂದು ಕೆಳಗಿಳಿದರೆ ಇನ್ನೊಂದು ಮೇಲೇರುತ್ತದೆ, ಥೇಟು ಲಿಫ್ಟ್. ಇನ್ನು ಕಳೆಯಬೇಕೆಂದರೆ ಕೋಟೇ ಕಳೆಯಬೇಕು. ಅಕ್ಕ ಇದನ್ನು ನೋಡಿ ಮೊದಲ ಸಲ ಏನೂ ಬೈಯಲಿಲ್ಲ. ಅವಳ ಅಂಗಡಿಯಲ್ಲಿ ಒಂದು ಮಾದರಿ ತೂಗುಹಾಕಿದ್ದಾಳೆ.

ಈಗ ದೊಡ್ಡ ಕೆಲಸಕ್ಕೆ ಕೈಹಾಕುತ್ತಿದ್ದೇನೆ. ಐದೂ ಬೆರಳಿಗೆ ಬೇರೆ ಬೇರೆ ಮನೆಯಿರುವ ಕೈಗವಸು. ನೆನಪಿನ ಅಳತೆ ಬಕೆಟ್ಟಿಗೆ ಸಾಕು, ಬೆರಳಿಗೆ ಸಾಲದು. ಮೊಮ್ಮಗಳ ಕೈಯನ್ನು ಕಾಗದದ ಮೇಲೆ ಇಟ್ಟು ಸುತ್ತ ಗೆರೆ ಎಳೆದು ಕಳಿಸು. ಗೆರೆ ಎಳೆಯುವುದರಲ್ಲಿ ನಿನ್ನ ಹಾಗೆ ಇನ್ಯಾರಿದ್ದಾರೆ. ಎರಡೂ ಕೈ ಕಳಿಸು. ಅಕ್ಕ ಹೇಳುವಂತೆ ಯಾರ ಎರಡು ಕೈಯೂ ಒಂದೇ ಥರ ಇರುವುದಿಲ್ಲ.

ನಿನ್ನ ಮಾವ


೩ ಜನವರಿ

ಮಾವನವರಿಗೆ ನಮಸ್ಕಾರ.

ಗೆರೆ ಕಳಿಸಿದ್ದೇನೆ. ಬಲಗೈ. ಎಡಗೈಯೂ ಹಾಗೇ ಇದೆ, ಕಾಗದ ತಿರುಗಿಸಿಕೊಳ್ಳಿ.

ನಿಮ್ಮ ಸೊಸೆ


೨೦ ಜನವರಿ

ಪ್ರೀತಿಯ ಸೊಸೆಗೆ,

ಹೋದ ವಾರವೆಲ್ಲ ನಿನ್ನ ಗೆರೆಯ ಜೊತೆ ಕಳೆದೆ. ಇಷ್ಟು ಸಣ್ಣ ಕಿರುಬೆರಳು. ಅದಕ್ಕೆ ಕೆಲವೇ ಕುಣಿಕೆ ಸಾಕು. ಅಷ್ಟು ಕಡಿಮೆ ಕುಣಿಕೆಗಳನ್ನು ಮೂರು ಕಡ್ಡಿಯ ಮೇಲೆ ಹಂಚಿಕೊಂಡು ಸುತ್ತುವಾಗ ಮುಳ್ಳುಹಂದಿಯನ್ನು ಮಡಿಲಲ್ಲಿ ಇಟ್ಟುಕೊಂಡ ಹಾಗಾಗುತ್ತದೆ. ಬೆರಳು ಬೆರಳಿಗೆ ಸೇರುವ ಬುಡದಲ್ಲಿ ಸಣ್ಣ ತೂತು ಬೀಳುತ್ತಿತ್ತು. ಬಿಚ್ಚಿದೆ, ಮತ್ತೆ ಹಾಕಿದೆ. ಕೊನೆಗೂ ತೂತಿಲ್ಲದೆ ಕೂಡಿಬಂತು. ಮುಗಿಸಿ ಮೇಜಿನ ಮೇಲಿಟ್ಟಾಗ ಯಾರೋ ಎರಡು ಪುಟ್ಟ ಕೈಗಳನ್ನು ಮರೆತು ಹೋದ ಹಾಗೆ ಕಂಡಿತು. ಎದ್ದು ಹೋಗುವಾಗ, ಹುಚ್ಚು ಅನ್ನಬೇಡ, ಅವುಗಳ ಮೇಲೆ ನನ್ನ ಕೈ ಇಟ್ಟು ಹೋದೆ.

ಹಗ್ಗ ಹಾಕಿದ್ದೇನೆ. ಬೆಚ್ಚಗಿರಲಿ.

ನಿನ್ನ ಮಾವ


೮ ಫೆಬ್ರವರಿ

ಮಾವನವರಿಗೆ,

ಇದರ ಜೊತೆ ಇನ್ನೊಂದು ಗೆರೆ ಇದೆ. ದಯವಿಟ್ಟು ಮೊದಲು ಅದನ್ನು ನೋಡಿ, ಆಮೇಲೆ ಓದಿ.

ಅದು ನಿಮ್ಮ ಮೊಮ್ಮಗಳ ಎಡಗೈ. ಹುಟ್ಟುವಾಗಲೇ ಹಾಗೆ. ಹೆಬ್ಬೆರಳು ಇದೆ, ಕಿರುಬೆರಳು ಇದೆ. ನಡುವಿನ ಮೂರು ಇಲ್ಲ. ನನಗೆ ಗೊತ್ತಿರುವ ಭಾಷೆಯಲ್ಲಿ ಹೇಳುವುದಾದರೆ, ಎರಡು ಭೂಶಿರಗಳ ನಡುವೆ ಒಂದು ಕೊಲ್ಲಿ. ಅವಳಿಗೆ ನೋವಿಲ್ಲ. ಡಾಕ್ಟರುಗಳು ನೋಡಿದ್ದಾರೆ.

ಅವಳು ಹುಟ್ಟಿದ ದಿನ ಅತ್ತೆ ಆಸ್ಪತ್ರೆಯ ಹಾಸಿಗೆಯಿಂದ ಫೋನು ಮಾಡಿಸಿ, "ಬೆರಳು ಎಣಿಸಿದ್ರಾ?" ಎಂದು ಕೇಳಿದ್ದರು. ನಿಮ್ಮ ಮಗ, "ಎಣಿಸಿದೆ ಅಮ್ಮ, ಎಲ್ಲ ಸರಿಯಾಗಿದೆ" ಅಂದರು. ಆ ವಾರವೇ ಅತ್ತೆ ಹೋದರು. ಆಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ ಎಂದು ಅವರಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ನೀವು ಏನನ್ನುತ್ತೀರಿ ಎಂಬ ಹೆದರಿಕೆಯೂ ಇತ್ತು. ಬರುವುದನ್ನು ಮುಂದೂಡುತ್ತಾ ಬಂದೆವು.

ನಿಮ್ಮ ಕೈಗವಸು ಒಂದೂ ಕಳೆದಿಲ್ಲ. ಎಡಗಡೆಯವೆಲ್ಲ ನನ್ನ ಬೀರುವಿನಲ್ಲಿವೆ. ಹಗ್ಗದ ಜೋಡಿ ಹಾಕಿಸಿದ ದಿನ ಎಡಗಡೆಯದು ಅವಳ ಕೈಯಲ್ಲಿ ನಿಲ್ಲದೆ ಜಾರಿ, ತೋಳಿನಿಂದ ಖಾಲಿಯಾಗಿ ನೇತಾಡುತ್ತಿತ್ತು. ಟ್ರಾಮಿನಲ್ಲಿ ಒಬ್ಬರು ಪ್ರೀತಿಯಿಂದಲೇ, "ಪುಟ್ಟಿ, ಆ ಕೈ ಎಲ್ಲಿ? ಚಳಿ ಆಗುತ್ತೆ, ಹಾಕ್ಕೋ" ಎಂದು ತೋಳಿನೊಳಗೆ ಕೈ ಹಾಕಲು ಹೋದರು. ನಾನು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ.

ಇಷ್ಟಾದರೂ ನಾನು ಬರೆಯುತ್ತಿರಲಿಲ್ಲವೇನೋ. ಬಲಗೈಯ ಗೆರೆ ಎಳೆದ ದಿನ ಅವಳು ತಾನಾಗಿಯೇ ಎಡಗೈಯನ್ನೂ ಕಾಗದದ ಮೇಲೆ ಇಟ್ಟು ಕಾದಳು. ನಾನು "ಒಂದು ಸಾಕು" ಅಂದೆ. "ತಾತನಿಗೆ ಇದು ಬೇಡ್ವಾ?" ಅಂದಳು. ಸಿಟ್ಟಿನಿಂದಲ್ಲ. ಕೇಳಿದಳು, ಅಷ್ಟೆ. ಆಮೇಲೆ ಅವಳೇ ಪೆನ್ಸಿಲ್ ತೆಗೆದುಕೊಂಡು ಹೋಗಿ ಗೋಡೆಯ ಮೇಲೆ ಎಳೆದುಕೊಂಡಳು.

ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಡಗೈಗೂ ಐದು ಬೆರಳಿನ ಕೈಗವಸು ಹೆಣೆದು, ಇಲ್ಲದ ಮೂರರೊಳಗೆ ಉಲ್ಲನ್ ತುಂಬಲು ಆಗುತ್ತದೆಯೇ? ಹೊರಗೆ ಯಾರೂ ನೋಡುವುದಿಲ್ಲ. ಶಾಲೆಗೆ ಸೇರಿಸುವ ಹೊತ್ತು ಬರುತ್ತಿದೆ.

ನಿಮ್ಮ ಸೊಸೆ


೧೧ ಮಾರ್ಚ್

ಪ್ರೀತಿಯ ಮಗಳೇ,

ತಡವಾಯಿತು. ತಡವಾದದ್ದಕ್ಕೆ ನೀನು ಏನೇನು ಅರ್ಥ ಹಚ್ಚಿರುತ್ತೀಯ ಎಂದು ಗೊತ್ತಿತ್ತು. ಆದರೂ ಬರೀ ಮಾತನ್ನು ಕಳಿಸುವುದು ಬೇಡ ಅನ್ನಿಸಿತು. ಕೈ ಖಾಲಿ ಇಟ್ಟುಕೊಂಡು ಈ ಪತ್ರ ಬರೆಯಲು ನನಗೆ ಆಗಲಿಲ್ಲ.

ಮೊದಲು ನನ್ನ ಮಗನಿಗೆ ಒಂದು ಮಾತು ಓದಿ ಹೇಳು. ಅವತ್ತು ಫೋನನ್ನು ನಿನ್ನ ಅತ್ತೆಯ ಕಿವಿಗೆ ಹಿಡಿದಿದ್ದವನು ನಾನೇ. ಅವನು ಹೇಳಿದ್ದು ಕೇಳಿ ಅವಳು ನಕ್ಕಳು. ಆ ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ. ಆ ನಗುವನ್ನು ನಾನು ಯಾವತ್ತೂ ಅವನಿಂದ ವಾಪಸು ಕೇಳುವುದಿಲ್ಲ.

ನಿನ್ನ ಗೆರೆಯನ್ನು ಕಿಟಕಿಯ ಗಾಜಿಗೆ ಅಂಟಿಸಿಕೊಂಡೆ. ಬಲಗೈಯ ಗೆರೆ ಒಂದೇ ಉಸಿರಿನಲ್ಲಿ ಎಳೆದದ್ದು. ಇದರಲ್ಲಿ ನಿನ್ನ ಪೆನ್ಸಿಲ್ ಎರಡು ಮೂರು ಕಡೆ ನಿಂತು ಮುಂದೆ ಹೋಗಿದೆ.

ಉಲ್ಲನ್ ಅಕ್ಕನ ಅಂಗಡಿಯಲ್ಲಿ ಎಷ್ಟು ಮಾದರಿಗಳಿದ್ದರೂ ಈ ಕೈಗೆ ಒಂದೂ ಇರಲಿಲ್ಲ. ಅಕ್ಕ ಗೆರೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಟ್ಟಿಲು ಹತ್ತಿ, ಮೇಲಿನ ಕಪಾಟಿನಿಂದ ಮಾರಾಟಕ್ಕಿಡದ ಒಂದು ಉಂಡೆ ತೆಗೆದುಕೊಟ್ಟು, "ಇದು ಚುಚ್ಚಲ್ಲ" ಅಂದಳು.

ಆ ಕೈ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ನೂಲು ಎಲ್ಲಿ ದಪ್ಪ ಇರಬೇಕು, ಎಲ್ಲಿ ತೆಳ್ಳಗಿರಬೇಕು ಎಂದು ನಿರ್ಧರಿಸುವುದು ಹೇಗೆ? ಅದಕ್ಕೆ ನನ್ನ ಎಡಗೈಯ ನಡುವಿನ ಮೂರು ಬೆರಳು ಮಡಚಿ ಪಟ್ಟಿ ಸುತ್ತಿಕೊಂಡೆ. ಅಂಗಿಯ ಗುಂಡಿ ನನ್ನನ್ನು ಸೋಲಿಸಿತು. ಡಬ್ಬಿಯ ಮುಚ್ಚಳ ಸೋಲಿಸಿತು. ಚಮಚ ನೆಲಕ್ಕೆ ಬಿತ್ತು. ವ್ಯಾಯಾಮ ಮಾಡಿಸಲು ಬಂದ ಹುಡುಗಿ, "ಸೊಂಟ ಸರಿಹೋಗೋ ಹೊತ್ತಿಗೆ ಕೈ ಮುರ್ಕೊಂಡ್ರಾ?" ಅಂದಳು. ಪಟ್ಟಿ ಬಿಚ್ಚಲಿಲ್ಲ. ಸಂಜೆಯ ಹೊತ್ತಿಗೆ ಒಂದೇ ಒಂದು ಗುಂಡಿ ಹಾಕಿಕೊಂಡು, ಬೆವರಿ, ಕೂತು ಯೋಚಿಸಿದೆ. "ಗುಂಡಿ ನಾನೇ" ಅನ್ನುತ್ತಾಳೆ ಎಂದು ನೀನು ಅಕ್ಟೋಬರಿನಲ್ಲಿ ಬರೆದಿದ್ದೆ. ನಾನು ಅದನ್ನು ಓದಿ ಮುಗುಳ್ನಕ್ಕು ಮಡಚಿಟ್ಟಿದ್ದೆ. ಅದು ಎಂಥ ಸುದ್ದಿ ಎಂದು ಈಗ ಗೊತ್ತಾಯಿತು. ಯಾರೂ ಹೇಳಿಕೊಡದೆ, ನೋಡಿ ಕಲಿಯಲು ಅಂಥ ಇನ್ನೊಂದು ಕೈ ಮನೆಯಲ್ಲಿ ಇಲ್ಲದೆ, ಆ ಮಗು ಪ್ರತಿಯೊಂದು ಕೆಲಸವನ್ನೂ ತಾನೇ ಮೊದಲಿನಿಂದ ಕಂಡುಹಿಡಿದಿದ್ದಾಳೆ. ಹಿಮ್ಮಡಿ ತಿರುಗಿಸಲು ನನಗೆ ಪಕ್ಕದಲ್ಲಿ ಅಕ್ಕ ಇದ್ದಳು.

ಕಟ್ಟಿನಲ್ಲಿ ಎರಡು ಕೈಗವಸುಗಳಿವೆ, ಎರಡೂ ಎಡಗೈಯವೇ. ಒಂದು ನೀನು ಕೇಳಿದ್ದು. ಐದು ಬೆರಳು, ಮೂರರಲ್ಲಿ ಉಲ್ಲನ್ ತುಂಬಿದೆ. ಕೇಳಿದ್ದನ್ನು ಮನಸ್ಸಿಟ್ಟೇ ಮಾಡಿದ್ದೇನೆ, ಎರಡು ಹೆಜ್ಜೆ ದೂರದಿಂದ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದಕ್ಕೆ ಎರಡೇ ಬೆರಳು. ನಡುವಿನ ಆ ಕೊಲ್ಲಿಯಲ್ಲಿ ನೂಲು ಜೋಡಿಯಾಗಿ ಹಾಕಿದ್ದೇನೆ, ಹಿಡಿತವೆಲ್ಲ ಅಲ್ಲೇ ಬೀಳುತ್ತದೆ. ಅದು ನನ್ನ ಕೈಯಿಂದ ಬಂದ ಅತ್ಯಂತ ಕಷ್ಟದ ಕೆಲಸ. ಚೆನ್ನಾಗಿಯೂ ಇದೆ ಎಂದು ಹೇಳಿಕೊಳ್ಳುತ್ತೇನೆ.

ಯಾವುದು ಎಂದು ನಾನು ಹೇಳುವುದಿಲ್ಲ. ನೀನೂ ಹೇಳಬೇಡ. ಕೈ ಯಾರದೋ ಅವಳೇ ಹೇಳಲಿ.

ಆಮೇಲೆ, ಅವಳು ಕೇಳಿದ್ದಕ್ಕೆ ಉತ್ತರ: ತಾತನಿಗೆ ಅದೂ ಬೇಕು.

ನಿನ್ನ ಮಾವ


೨೬ ಮಾರ್ಚ್

ಮಾವ,

ಎರಡನ್ನೂ ಮಂಚದ ಮೇಲೆ ಇಟ್ಟು ನಾನು ಬಾಗಿಲ ಹತ್ತಿರ ನಿಂತೆ. ನಿಮ್ಮ ಮಗ ನನ್ನ ಹಿಂದೆ ನಿಂತಿದ್ದರು, ಆ ಟೋಪಿ ಹಾಕಿಕೊಂಡೇ.

ಮೊದಲು ಅವಳು ಐದು ಬೆರಳಿನದನ್ನು ಹಾಕಿಕೊಂಡಳು. ಅದು ಅವಳಿಗೆ ಬಹಳ ಹಿಡಿಸಿತು. ನನ್ನ ಎದೆ ಹಗುರವಾಯಿತು, ಸುಳ್ಳು ಹೇಳುವುದಿಲ್ಲ. ತುಂಬಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, "ಇವರು ಮಲಗಿದಾರೆ" ಅಂದಳು. ಆಮೇಲೆ ಪೆನ್ಸಿಲ್ ಎತ್ತಲು ಹೋದಳು. ಮಲಗಿದವರು ಅಡ್ಡ ಬಂದರು. ಇನ್ನೊಮ್ಮೆ ಪ್ರಯತ್ನಿಸಿದಳು. "ಏಳಲ್ಲ ಇವರು" ಎಂದು ಮೆಲ್ಲಗೆ ಬಿಚ್ಚಿ, ದಿಂಬಿನ ಮೇಲೆ ಇಟ್ಟು, ಹೊದಿಕೆ ಹೊದಿಸಿದಳು.

ಎರಡನೆಯದನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ತನ್ನ ಕೈಯನ್ನು ನೋಡಿದಳು. ಮತ್ತೆ ಅದನ್ನು ನೋಡಿದಳು. ತನ್ನ ಕೈಯ ಆಕಾರದ ಇನ್ನೊಂದು ವಸ್ತುವನ್ನು ಅವಳು ಜಗತ್ತಿನಲ್ಲಿ ಕಂಡದ್ದು ಅದೇ ಮೊದಲು, ಮಾವ. ನನಗೆ ಅದು ಹೊಳೆದದ್ದೂ ಆಗಲೇ. "ನಾನೇ" ಅಂದಳು. ಹಾಕಿಕೊಂಡಳು. ಕೈ ಎತ್ತಿ ನಮಗಿಬ್ಬರಿಗೂ ತೋರಿಸಿದಳು. ನಿಮ್ಮ ಮಗ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡರು.

ಸಂಜೆ ಬ್ರೆಡ್ಡಿನ ಅಂಗಡಿಗೆ ಹೋದೆವು. ತೋಳನ್ನು ಕೆಳಗೆ ಎಳೆಯುವುದು ನನ್ನ ಕೈಗೆ ಅಭ್ಯಾಸವಾಗಿಹೋಗಿದೆ. ಎಳೆಯುವಷ್ಟರಲ್ಲಿ ಅವಳು ಚೀಲದ ಹಿಡಿಯನ್ನು ಎಡಗೈಯಿಂದಲೇ ತೆಗೆದುಕೊಂಡಿದ್ದಳು. ಅಂಗಡಿಯವಳು ನೋಡಿದಳು. ನಾನು ಕಾದೆ. "ಭಾರ ಇದೆ ಪುಟ್ಟಿ" ಅಂದಳು ಅಂಗಡಿಯವಳು. "ನನಗೆ ಬರುತ್ತೆ" ಅಂದಳು ನಿಮ್ಮ ಮೊಮ್ಮಗಳು. ಮನೆಯವರೆಗೂ ಅವಳೇ ಹೊತ್ತಳು. ನಾನು ಹಿಂದೆ ಖಾಲಿ ಕೈಯಲ್ಲಿ ನಡೆದೆ.

ಸೊಂಟ ಒಪ್ಪಿದರೆ ಬನ್ನಿ. ಒಪ್ಪದಿದ್ದರೆ ನಾವೇ ಬರುತ್ತೇವೆ. ಈ ಸಲ ರಜೆ ಸಿಗುತ್ತದೆ.

ನಿಮ್ಮ ಸೊಸೆ


೩೦ ಏಪ್ರಿಲ್

ಪ್ರೀತಿಯ ಮಗಳೇ,

ನಿಮ್ಮಲ್ಲಿಂದ ಹೊರಟು ಸುಖವಾಗಿ ಮನೆ ತಲುಪಿದೆ. ಅಲ್ಲಿದ್ದಾಗ ಹೇಳಲಾಗದೆ ಬಂದದ್ದನ್ನು ಬರೆಯುತ್ತೇನೆ.

ನಾನು ಬಂದಿಳಿದ ದಿನ ಸ್ಟೇಷನ್ನಿನಲ್ಲಿ ನನ್ನ ಮಗ ಪೆಟ್ಟಿಗೆ ತೆಗೆದುಕೊಂಡು, "ಅಪ್ಪಾ, ಅಮ್ಮನಿಗೆ ನಾನು..." ಎಂದು ನಿಲ್ಲಿಸಿದ. ನಾನು, "ಗಾಳಿ ಇದೆ, ನಡಿ" ಅಂದೆ. ನಮ್ಮ ವಂಶದಲ್ಲಿ ಇದಕ್ಕಿಂತ ಉದ್ದ ಮಾತು ಯಾರೂ ಆಡಿಲ್ಲ. ನಾವಿಬ್ಬರೂ ಚೆನ್ನಾಗಿಯೇ ಇದ್ದೇವೆ.

ನೀವಿಬ್ಬರೂ ಕೆಲಸಕ್ಕೆ ಹೋದ ಮೊದಲ ಬೆಳಿಗ್ಗೆ ಬಟಾಣಿ ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. ಕೈಗವಸು ಬಿಚ್ಚಿ ಕೊಟ್ಟು, "ಇದನ್ನ ಹೇಗೆ ಮಾಡಿದ್ರಿ?" ಅಂದಳು. ನಾನು ಕಡ್ಡಿ ಮೇಲೆ ಕುಣಿಕೆ ಹಾಕಿ ನೂಲು ಸುತ್ತಿ ತೋರಿಸಿದೆ. "ನಾನೇ" ಅಂದಳು. ನೂಲು ಹಿಡಿದಳು.

ಮಗಳೇ, ನಿನ್ನ ಗೆರೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದರಲ್ಲಿ ಇದ್ದದ್ದು ಕೈಯ ಅಂಚು ಮಾತ್ರ. ಕಾಗದದ ಮೇಲೆ ಆ ಕೈ ಚಪ್ಪಟೆಯಾಗಿ ಮಲಗಿತ್ತು. ಎಚ್ಚರವಾದಾಗ ಅದು ಬೇರೆಯೇ. ಆ ಕಿರುಬೆರಳು ಉದ್ದಕ್ಕೂ ಬಾಗಿ, ದೂರದಿಂದ ಬಂದ ಹಳೆಯ ಸ್ನೇಹಿತನ ಹಾಗೆ ಹೆಬ್ಬೆರಳನ್ನು ಭೇಟಿಯಾಗುತ್ತದೆ. ಬೆರಳು ಸಾಲದ ಕಡೆ ಮಣಿಕಟ್ಟು ತಾನೇ ಮುಂದೆ ಬಂದು ತಿರುಗಿ ಜಾಗ ಹುಡುಕುತ್ತದೆ. ನನ್ನ ಮಣಿಕಟ್ಟಿಗೆ ಆ ತಿರುವು ಗೊತ್ತೇ ಇಲ್ಲ. ಒಂದು ಪಟ್ಟಿ ಸುತ್ತಿಕೊಂಡು ಇದನ್ನು ತಿಳಿದುಕೊಂಡೆ ಅಂದುಕೊಂಡಿದ್ದೆನಲ್ಲ. ಹಾಗೆ ಕಟ್ಟಿಕೊಂಡು ನಾನು ತಿಳಿದದ್ದು ನನ್ನ ಕೈಯಲ್ಲಿ ಇಲ್ಲವಾದದ್ದನ್ನು. ಅವಳಿಗೆ ಏನೂ ಇಲ್ಲವಾಗಿಲ್ಲ. ಅದು ಇಡಿಯಾದ ಕೈ, ಅದರ ಲೆಕ್ಕವೇ ಬೇರೆ. ಎಷ್ಟೋ ಯಂತ್ರಗಳ ಮುಂದೆ ಟಾರ್ಚು ಹಿಡಿದು ನಿಂತಿದ್ದೇನೆ. ಇಂಥ ಕೆಲಸ ಯಾವುದರಲ್ಲೂ ಕಂಡಿಲ್ಲ.

ನಾನು ಕಡ್ಡಿ ಹಿಡಿದುಕೊಂಡೆ. ಅವಳು ನಾಲಿಗೆ ಹೊರಗೆ ಚಾಚಿ, ಆ ಎರಡು ಬೆರಳಿನಿಂದ ಕುಣಿಕೆಯೊಳಗಿಂದ ನೂಲನ್ನು ಈಚೆಗೆ ಎಳೆದಳು. ಒಂದು ಕುಣಿಕೆ ಆಯಿತು. "ಆಯ್ತು" ಎಂದು ಇಳಿದು ಆಡಲು ಹೋದಳು. ನಾನು ಅಲ್ಲೇ ಕೂತಿದ್ದೆ. ನೀನು ಸಂಜೆ ಬಂದು "ಹುಷಾರಿಲ್ವಾ ಮಾವ?" ಅಂದದ್ದು ಅದಕ್ಕೇ.

ನಾನು ಅಷ್ಟು ಜಂಬದಿಂದ ಕಳಿಸಿದ ಕೈಗವಸು ತಪ್ಪಾಗಿದೆ. ಬೆರಳು ಸರಿಯಿದೆ, ಮಣಿಕಟ್ಟು ಬಿಗಿ. ಆ ಕೈ ತಿರುಗುವುದೇ ಅಲ್ಲಿಂದ, ನಾನು ಅಲ್ಲೇ ಕಟ್ಟಿಹಾಕಿದ್ದೆ. ಈ ಕಟ್ಟಿನಲ್ಲಿರುವುದು ಹೊಸದು, ಮಣಿಕಟ್ಟು ಸಡಿಲ. ಅವತ್ತು ಕಡ್ಡಿಯ ಮೇಲಿದ್ದ ಕುಣಿಕೆಗಳಿಂದಲೇ ಮುಂದುವರಿಸಿದ್ದರಿಂದ ಅವಳು ಎಳೆದ ಆ ಒಂದು ಕುಣಿಕೆಯೂ ಇದರೊಳಗೇ ಇದೆ.

ಅಂಚೆಗೆ ಹಾಕುವ ಮೊದಲು ಅಕ್ಕನಿಗೆ ತೋರಿಸಿದೆ. "ಮಗು ಹಾಕಿದ ಕುಣಿಕೆ ಸಡಿಲ ಇರುತ್ತೆ, ತೋರಿಸಿ, ಬಿಗಿ ಮಾಡಿಕೊಡ್ತೀನಿ" ಅಂದಳು. "ನೀವೇ ಹುಡುಕಿ" ಅಂದೆ. ಅವಳು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಹುಡುಕಿದಳು. ಆಮೇಲೆ ನಾನು ತೆಗೆದುಕೊಂಡೆ. ಇಬ್ಬರೂ ಬಾಗಿಲಿಗೆ ಬಂದು ಬೆಳಕಿಗೆ ಹಿಡಿದು, ಹಿಗ್ಗಿಸಿ, ಒಳಮುಖ ಮಾಡಿ ನೋಡಿದೆವು. ಗಿರಾಕಿಗಳು ಕಾಯುತ್ತಿದ್ದರು. ಯಾವುದು ಅವಳದು, ಯಾವುದು ನನ್ನದು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ನಿನ್ನ ಮಾವ